ಹಳದಿ ಕೈಯ ಮೇಡಂ

ನಮ್ಮ ಮೇಡಂ ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಸದಾ ಹಳದಿ. ಈಗಷ್ಟೇ ಚಿತ್ರಾನ್ನ ತಿಂದು, ಕೈ ಸರಿಯಾಗಿ ತೊಳೆಯದೆ ಎದ್ದು ಬಂದವರ ಬೆರಳಿನ ಹಾಗೆ. ಮೊದಲ ದಿನ ಕೆಲಸ ಕೇಳಿಕೊಂಡು ಅವರ ಮುಂದೆ ನಿಂತಾಗ ನಾನು ಅವರ ಮುಖ ನೋಡುವುದು ಬಿಟ್ಟು ಆ ಬೆರಳುಗಳನ್ನೇ ನೋಡುತ್ತಿದ್ದೆ. ಅದು ಅವರಿಗೆ ಗೊತ್ತಾಯಿತು. "ಎಷ್ಟು ಸೋಪು ಹಾಕಿದ್ರೂ ಹೋಗಲ್ಲ ಕಣಮ್ಮ. ಬಾ, ಏನಿದು ಅಂತ ತೋರಿಸ್ತೀನಿ," ಎಂದು ಪಕ್ಕದ ಕತ್ತಲೆ ಕೋಣೆಗೆ ಕರೆದುಕೊಂಡು ಹೋಗಿ, ಬಾಗಿಲು ಹಾಕಿ, ಕಪ್ಪು ಗಾಜಿನ ಕೈದೀಪವೊಂದನ್ನು ಹೊತ್ತಿಸಿದರು. ದೀಪ ಹೊತ್ತಿದ್ದೇ ಗೊತ್ತಾಗಲಿಲ್ಲ. ಒಂದಿಷ್ಟು ನೇರಳೆ ಮಬ್ಬು, ಅಷ್ಟೆ. ಆದರೆ ಅದರ ಕೆಳಗೆ ಅವರು ಕೈಯೊಡ್ಡಿದ ಕೂಡಲೇ ಆ ಎರಡು ಬೆರಳ ತುದಿ, ಉಗುರಿನ ಸಂದು, ಚರ್ಮದ ಒಂದೊಂದು ಗೆರೆಯೂ ಎಳೆ ಹಸಿರಾಗಿ ಹೊತ್ತಿಕೊಂಡಿತು. ನಾನು ಹೆದರಿ ಹಿಂದಕ್ಕೆ ಸರಿದು ಅಲ್ಲಿದ್ದ ಸ್ಟೂಲನ್ನು ಕೆಡವಿಬಿಟ್ಟೆ. "ಸ್ಟೂಲು ಸರ್ಕಾರದ್ದು," ಎಂದಿತು ಕತ್ತಲೆಯಲ್ಲಿ ಅವರ ದನಿ. ಕೆಲಸ ಸಿಕ್ಕಿತು ಎಂದು ನನಗೆ ಹಾಗೆ ಗೊತ್ತಾಯಿತು.

ಆಗ ನಮ್ಮ ಕಡೆಯೆಲ್ಲ ರೇಷ್ಮೆಯದೇ ಕಾರುಬಾರು. ಕೈಲಾಂಚದ ನಮ್ಮ ಮನೆಯಲ್ಲಿ ನಡುಮನೆ ಹುಳಗಳಿಗೆ, ಜಗಲಿ ನಮಗೆ. ರಾಗಿ ಬೆಳೆಯುತ್ತಿದ್ದ ಹೊಲಗಳು ಹಿಪ್ಪುನೇರಳೆ ತೋಟಗಳಾಗಿದ್ದವು. ಬೆಳಗಿನ ಬಸ್ಸಿನ ಮೇಲೆ ಗೂಡಿನ ಮೂಟೆಗಳು, ಒಳಗೆ ಗೂಡಿನ ವಾಸನೆಯ ನಾವು. ದಾರಿಯಲ್ಲಿ ಇಬ್ಬರು ಎದುರಾದರೆ ಮನೆಮಂದಿಯನ್ನು ವಿಚಾರಿಸುವುದಕ್ಕೂ ಮೊದಲು "ಹುಳ ಎಷ್ಟನೇ ಜ್ವರ?" ಎಂದು ಕೇಳುತ್ತಿದ್ದರು. ಪೊರೆ ಬಿಡುವ ಮುಂಚೆ ಹುಳ ಸೊಪ್ಪು ಬಿಟ್ಟು ಮಲಗುತ್ತದಲ್ಲ, ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಮನೆಯ ಹೆಂಚು ಹೋಗಿ ತಾರಸಿ ಬಂದದ್ದು, ನಮ್ಮವ್ವನ ಕಿವಿಗೆ ಓಲೆ ಬಂದದ್ದು, ನಾನು ರಾಮನಗರಕ್ಕೆ ಹೋಗಿ ಬಿಎಸ್ಸಿ ಮುಗಿಸಿದ್ದು, ಎಲ್ಲವೂ ಆ ಹುಳಗಳ ಬಾಯಿಂದ ಬಂದ ದಾರದಲ್ಲೇ. ಹಾಗಾಗಿ ಊರಾಚೆಯ ಬಿತ್ತನೆ ಕೋಠಿಯ ಹಿಂದಿನ ಲ್ಯಾಬಿನಲ್ಲಿ ಸಹಾಯಕಿಯ ಕೆಲಸ ಖಾಲಿ ಇದೆ ಎಂದಾಗ ನಾನು ನೆಂಟರ ಮನೆಗೆ ಹೋದ ಹಾಗೆ ಹೋದೆ.

ಬಿತ್ತನೆ ಕೋಠಿ ಎಂದರೆ ಗೂಡಿನಿಂದ ಚಿಟ್ಟೆ ಎಬ್ಬಿಸಿ, ಮೊಟ್ಟೆ ಇಡಿಸಿ, ಆ ಮೊಟ್ಟೆಯನ್ನು ರೈತರಿಗೆ ಕೊಡುವ ಜಾಗ. ಅಲ್ಲಿ ಎಲ್ಲರೂ ಹೆದರುತ್ತಿದ್ದದ್ದು ಒಂದಕ್ಕೇ, ಗಂಟು ರೋಗಕ್ಕೆ. ತಾಯಿ ಚಿಟ್ಟೆಯ ಮೈಯಲ್ಲಿ ಅದಿದ್ದರೆ ಮೊಟ್ಟೆಗೆ ಬರುತ್ತದೆ, ಮೊಟ್ಟೆಯಿಂದ ಹುಳಕ್ಕೆ, ಹುಳದಿಂದ ತಟ್ಟೆಗೆ, ತಟ್ಟೆಯಿಂದ ಊರಿಗೆ. ಆದ್ದರಿಂದ ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಉದ್ದುದ್ದನೆಯ, ಹೊಳಪಾದ ಕಾಳು ಕಂಡರೆ ರೋಗ. ತಾಪತ್ರಯವೇನೆಂದರೆ, ಬೂಷ್ಟಿನ ಕಣವೂ ಹಾಗೇ ಕಾಣುತ್ತದೆ, ಇನ್ನೂ ಏನೇನೋ ಹಾಗೇ ಕಾಣುತ್ತವೆ. ಹೌದೋ ಅಲ್ಲವೋ ಎಂದು ತಲೆ ಕೆರೆದುಕೊಳ್ಳುವಂಥ ಕಾಳುಗಳು ಬಂದಾಗ ಅವು ನಮ್ಮ ಮೇಡಂ ಹತ್ತಿರ ಬರುತ್ತಿದ್ದವು.

ಮೇಡಂ ಮಾಡುತ್ತಿದ್ದದ್ದು ಆಗಿನ ಕಾಲಕ್ಕೆ ನಮ್ಮ ಕಡೆ ಯಾರೂ ಕೇಳಿರದ ಕೆಲಸ. ರೋಗದ ಕಣಗಳನ್ನು ಶುದ್ಧ ಮಾಡಿ ಮೊಲಕ್ಕೆ ಚುಚ್ಚುತ್ತಿದ್ದರು. ಮೊಲಕ್ಕೆ ಹುಳದ ರೋಗ ತಗಲುವುದಿಲ್ಲ. ಆದರೆ ಅದರ ರಕ್ತ ಆ ಕಣದ ಗುರುತು ಹಿಡಿದಿಟ್ಟುಕೊಂಡು, ಅದಕ್ಕೇ ಹೋಗಿ ಅಂಟಿಕೊಳ್ಳುವ ಪ್ರತಿಕಾಯಗಳನ್ನು ತಯಾರಿಸುತ್ತದೆ. ಮೊಲದ ಕಿವಿಯಿಂದ ಸ್ವಲ್ಪ ರಕ್ತ ತೆಗೆದು, ಆ ಪ್ರತಿಕಾಯಗಳನ್ನು ಬೇರ್ಪಡಿಸಿ, ಅವುಗಳಿಗೆ ಹೊಳೆಯುವ ಹಳದಿ ಬಣ್ಣ ಕಟ್ಟುತ್ತಿದ್ದರು. ಬಣ್ಣ ಕಟ್ಟಿದ ದ್ರವವನ್ನು ಸ್ಲೈಡಿನ ಮೇಲೆ ಬಿಟ್ಟು, ತೊಳೆದು, ವಿಶೇಷ ಸೂಕ್ಷ್ಮದರ್ಶಕದ ನೀಲಿ ಬೆಳಕಿನಲ್ಲಿ ನೋಡಿದರೆ, ನಿಜವಾದ ಗಂಟು ರೋಗದ ಕಣವಾದರೆ ಹಸಿರಾಗಿ ಹೊಳೆಯುತ್ತದೆ. ಮಿಕ್ಕಿದ್ದೆಲ್ಲ ಕತ್ತಲೆಯಲ್ಲೇ ಉಳಿಯುತ್ತದೆ. ಇಷ್ಟನ್ನು ನಾನು ಈಗ ಸಲೀಸಾಗಿ ಹೇಳಿಬಿಟ್ಟೆ. ಆಗ ನನ್ನ ತಲೆಗೆ ಹತ್ತುವಷ್ಟರಲ್ಲಿ ಮೇಡಂ ಗಂಟಲು ಒಣಗಿತ್ತು.

ಕೊನೆಗೆ ಅವರು ಕುರಿಗೆ ಬಂದರು. ಅವರ ತಂದೆ ಸಾತನೂರು ಕಡೆ ಕುರಿ ಸಾಕುತ್ತಿದ್ದವರು. "ನಾಲ್ಕು ಮಂದೆ ಒಂದೇ ಕಡೆ ಬೆರೆತುಹೋದ್ರೆ ನಮ್ಮ ಕುರಿ ಯಾವುದು ಅಂತ ಹೆಂಗೆ ಹೇಳ್ತೀಯಾ? ಬೆನ್ನಿಗೆ ಜಾಜು ಹಚ್ಚಿರ್ತಾರೆ, ದೂರದಿಂದ್ಲೇ ಕೆಂಪಗೆ ಕಾಣುತ್ತೆ. ಇದೂ ಅಷ್ಟೇ. ಆದ್ರೆ ಒಂದು ಮಾತು ತಿಳ್ಕೊ. ಜಾಜು ಹಚ್ಚೋಕೆ ಮುಂಚೆ ಕುರಿ ಬೆನ್ನು ಒಂದ್ಸಲ ನೋಡ್ಬೇಕು. ಅದು ಕೆಮ್ಮಣ್ಣಲ್ಲಿ ಹೊರಳಾಡಿ ಬಂದಿದ್ರೆ?" ಈ ಮಾತನ್ನು ಅವರು ಆಮೇಲೆ ಎಷ್ಟು ಸಲ ಹೇಳಿದರೋ. ಹೊಸ ಸ್ಲೈಡ್ ಮಾಡಿದಾಗೆಲ್ಲ ಪಕ್ಕದಲ್ಲಿ ಬಣ್ಣ ಮುಟ್ಟಿಸದ ಒಂದು ಸ್ಲೈಡ್ ಇಡಲೇಬೇಕು. ಅದನ್ನು ಅವರು ಯಾರ ಕೈಗೂ ಬಿಡದೆ ತಾವೇ ಮಾಡುತ್ತಿದ್ದರು. ಲ್ಯಾಬಿನಲ್ಲಿ ಅದಕ್ಕೆ ಬರೀ ಕುರಿ ಎಂದೇ ಹೆಸರು. "ಕುರಿ ಎಲ್ಲಿ?" ಎಂದು ಅವರು ಕೇಳಿದರೆ ಹೊರಗಿನವರು ಕಕ್ಕಾಬಿಕ್ಕಿಯಾಗುತ್ತಿದ್ದರು.

ಬಣ್ಣದ ಬೆರಳು ಬಾಯಿಗೆ ಹೋಗಬಾರದೆಂದು ಅವರು ಚಮಚದಲ್ಲಿ ಊಟ ಮಾಡುತ್ತಿದ್ದರು. ರಾಗಿ ಮುದ್ದೆಯನ್ನು ಚಮಚದಲ್ಲಿ ಕತ್ತರಿಸಿ, ಸೊಪ್ಪಿನ ಸಾರಿನಲ್ಲಿ ಅದ್ದಿ ತಿನ್ನುವವರನ್ನು ನಾನು ಜೀವಮಾನದಲ್ಲಿ ನೋಡಿದ್ದು ಅವರೊಬ್ಬರನ್ನೇ. ಕೋಠಿಯ ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಮೇಡಂ ಅದಕ್ಕೆ ಸೊಪ್ಪು ಹಾಕುತ್ತಿರಲಿಲ್ಲ. ಸೊಪ್ಪು ಹಾಕುತ್ತಿದ್ದದ್ದು ಮೊಲಗಳಿಗೆ. ಅವಕ್ಕೆ ದಿನಾ ಎಳೆಯ ಹಿಪ್ಪುನೇರಳೆ ಎಲೆ ಬೇಕು. ಕಿವಿಯಿಂದ ರಕ್ತ ತೆಗೆಯುವ ದಿನ ಮೊಲವನ್ನು ಮಡಿಲಲ್ಲಿ ಕೂರಿಸಿಕೊಂಡು, "ಒಸಿ ಕಣಪ್ಪ, ಒಸಿ," ಎಂದು ಸಮಾಧಾನ ಹೇಳುತ್ತಿದ್ದರು. ಆ ದನಿಯನ್ನು ಅವರು ಮನುಷ್ಯರಿಗೆ ಅಷ್ಟಾಗಿ ಬಳಸುತ್ತಿರಲಿಲ್ಲ. ಮದುವೆ ಯಾಕಾಗಲಿಲ್ಲ ಎಂದು ಯಾರೋ ಕೇಳಿದ್ದಕ್ಕೆ, "ಮೊಲ ಒಪ್ಪೋ ಗಂಡು ಸಿಗಲಿಲ್ಲ," ಎಂದಿದ್ದರು. ಸೂಕ್ಷ್ಮದರ್ಶಕದಲ್ಲಿ ನೋಡಿ ನಾನು "ಹೊಳೀತಿದೆ ಅನ್ಸುತ್ತೆ ಮೇಡಂ" ಎಂದರೆ ಸಾಕು, "ಅನ್ಸೋದಕ್ಕೆ ಸಂಬಳ ಕೊಡಲ್ಲ, ನೋಡಿ ಹೇಳು," ಎಂದು ಗದರುತ್ತಿದ್ದರು. ಹಾಗೆಂದು ನೋಡುತ್ತಲೇ ಕೂರುವಂತೆಯೂ ಇಲ್ಲ. ಬೆಳಕು ಬಿದ್ದಷ್ಟೂ ಆ ಬಣ್ಣ ಮಾಸುತ್ತದೆ. ಬೇಗ ನೋಡಬೇಕು, ಸರಿಯಾಗಿ ನೋಡಬೇಕು, ಬಾಯಿ ಮುಚ್ಚಿಕೊಂಡು ನೋಡಬೇಕು. ಮೂರನೆಯದು ನನಗೆ ಇವತ್ತಿಗೂ ಬಂದಿಲ್ಲ.

ಒಂದು ಸಲ ಮಾಗಡಿ ಕಡೆಯ ಗೂಡಿನ ಚಿಟ್ಟೆಗಳು ನಮ್ಮಲ್ಲಿಗೆ ಬಂದವು. ಆ ಕಡೆಯ ಕೆಲವು ಊರುಗಳಲ್ಲಿ ಬಿತ್ತನೆಗೆಂದೇ ಹಳೆಯ ಮೈಸೂರು ತಳಿಯ ಗೂಡು ಬೆಳೆಯುತ್ತಿದ್ದರು. ಹಸಿರು ಬೆರೆತ ಹಳದಿ ಬಣ್ಣದ ಗೂಡು ಅದು. ಬೆಳೆದದ್ದು ಗಂಡ ಹೆಂಡತಿ ಇಬ್ಬರೇ ದುಡಿಯುತ್ತಿದ್ದ ಒಂದು ಮನೆ. ತಲೆಮಾರಿನಿಂದ ಬಿತ್ತನೆ ಗೂಡು ಕೊಡುತ್ತ ಬಂದವರು, ಅವರ ಗೂಡು ಎಂದರೆ ಕೋಠಿಯವರು ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತಿದ್ದರು. ಈ ಸಲ ಚಿಟ್ಟೆ ಅರೆದು ನೋಡಿದಾಗ ಅನುಮಾನದ ಕಾಳುಗಳು ಕಂಡಿದ್ದವು. ಸುದ್ದಿ ಮುಟ್ಟಿ ಇಬ್ಬರೂ ಬೆಳಗಿನ ಬಸ್ಸಿಗೇ ಬಂದು ಕೋಠಿಯ ಹೊಂಗೆ ಮರದ ಕೆಳಗೆ ಕೂತಿದ್ದರು. ಗಂಡ ಸುಮ್ಮನೆ ನೆಲ ನೋಡುತ್ತಿದ್ದ. ಹೆಂಡತಿ ಮಾತ್ರ ಹೋಗಿ ಬರುವವರಿಗೆಲ್ಲ ಹೇಳುತ್ತಿದ್ದಳು: "ನಮ್ಮತ್ತೆ ಕಾಲ್ದಿಂದ್ಲೂ ನಮ್ಮನೆ ಗೂಡ್ಗೆ ಒಂದು ಮಾತು ಬಂದಿಲ್ಲ ಕಣ್ರವ್ವ. ಗಂಟು ರೋಗದ ಮನೆ ಅನ್ನಿಸ್ಕೊಂಡ್ಬುಟ್ರೆ ಇನ್ನು ಊರಲ್ಲಿ ತಲೆ ಎತ್ತೋದೆಂಗೆ?"

ಸ್ಲೈಡ್ ಮಾಡಿ, ಬಣ್ಣದ ಪ್ರತಿಕಾಯ ಬಿಟ್ಟು, ತೊಳೆದು, ಕತ್ತಲೆ ಕೋಣೆಯಲ್ಲಿ ನೋಡಿದೆವು. ಹಸಿರೋ ಹಸಿರು. ನಮ್ಮ ಸಾಹೇಬರು, ಕೋಠಿಯ ಮೇಲಧಿಕಾರಿ, ಬಗ್ಗಿ ನೋಡಿ ನಿಟ್ಟುಸಿರು ಬಿಟ್ಟರು. ಅವರು ಕೆಟ್ಟವರಲ್ಲ. ಹಿಂದೊಮ್ಮೆ ರೋಗದ ಮೊಟ್ಟೆ ಕೈತಪ್ಪಿ ಹೋಗಿ ಊರೂರೇ ಹುಳ ಚೆಲ್ಲಿದ್ದನ್ನು ಕಣ್ಣಾರೆ ಕಂಡವರು. "ಅದೇ ದಿನ ಸುಡಬೇಕು ಅಂತ ರೂಲ್ಸ್ ಇದೆಯಮ್ಮ. ಮೊಟ್ಟೆ, ಚಿಟ್ಟೆ, ಗೂಡು ಎಲ್ಲಾ. ಹಿಂದೆ ಗುಂಡಿ ರೆಡಿ ಮಾಡಿಸ್ತೀನಿ," ಎಂದು ಹೊರಟರು.

"ಒಂದು ನಿಮಿಷ ಸರ್. ಕುರಿ ನೋಡಿಲ್ಲ," ಎಂದರು ಮೇಡಂ.

ಬಣ್ಣ ಮುಟ್ಟಿಸದ ಸ್ಲೈಡ್ ಇಟ್ಟು ನೋಡಿದರೆ, ಅದೂ ಹಸಿರು.

"ನೋಡಿ, ರೋಗ ಅಷ್ಟು ಜೋರಾಗಿದೆ," ಎಂದರು ಸಾಹೇಬರು.

"ಬಣ್ಣಾನೇ ಕಟ್ಟಿಲ್ಲ ಸರ್ ಇದಕ್ಕೆ. ಕಟ್ಟದೆ ಹೊಳೀತಿದೆ ಅಂದ್ರೆ ಹೊಳೆಯೋದು ರೋಗ ಅಲ್ಲ. ರೋಗ ಆದ್ರೆ ಕಾಳು ಕಾಳಾಗಿ ಹೊಳೀಬೇಕು. ಇದು ಎಣ್ಣೆ ಚೆಲ್ಲಿದ ಹಂಗೆ ಎಲ್ಲಾ ಕಡೆ ಹರಡಿದೆ. ಕುರಿ ಎಲ್ಲೋ ಕೆಮ್ಮಣ್ಣಲ್ಲಿ ಹೊರಳಾಡಿದೆ."

ಸಾಹೇಬರಿಗೆ ಅರ್ಧ ಅರ್ಥವಾಯಿತು, ಅರ್ಧ ಸಿಟ್ಟು ಬಂತು. ಸಂಜೆ ಕೋಠಿ ಮುಚ್ಚುವವರೆಗೆ ಸಮಯ ಕೊಟ್ಟರು. ಮೇಡಂ ಗಾರೆ ಅರೆಯುವ ಹಾಗೆ ಹಲ್ಲು ಕಡಿಯುತ್ತ ಕೋಣೆಯಲ್ಲಿ ಅತ್ತಿಂದಿತ್ತ ಓಡಾಡಿದರು. ಅರೆಯುವ ಒರಳು ನೋಡಿದರು, ನೀರು ನೋಡಿದರು, ನನ್ನ ಕೈ ಮೂಸಿದರು. ಆಮೇಲೆ ಚಿಟ್ಟೆ ಹೊರಬಂದ ಖಾಲಿ ಗೂಡುಗಳ ಮಂಕರಿಯನ್ನೇ ತರಿಸಿದರು. ಜೊತೆಗೆ ಇನ್ನೊಂದು ಊರಿನ, ಅದೇ ತಳಿಯ ಗೂಡುಗಳನ್ನೂ ತರಿಸಿ, ಎರಡನ್ನೂ ಕತ್ತಲೆ ಕೋಣೆಯಲ್ಲಿಟ್ಟು ಆ ಕಪ್ಪು ಗಾಜಿನ ದೀಪ ಹೊತ್ತಿಸಿದರು. ಬೇರೆ ಊರಿನ ಗೂಡುಗಳು ಮಸುಕಾಗಿ, ಹಾಲು ಬೆರೆಸಿದ ಹಾಗೆ ಕಂಡವು. ಇವುಗಳ ಮೇಲೆ ಮಾತ್ರ ಹಸಿರು ಹಳದಿಯ ಎಳೆಗಳು ಝಗ್ಗೆನ್ನುತ್ತಿದ್ದವು. ಹತ್ತಿರದಿಂದ ನೋಡಿದರೆ ಅವು ಬೆರಳಿನ ಗುರುತುಗಳು. ಯಾರೋ ಒಂದೊಂದು ಗೂಡನ್ನೂ ಕೈಯಾರೆ ಸವರಿದ್ದರು.

ಮೇಡಂ ಹೊರಗೆ ಹೋಗಿ ಹೊಂಗೆ ಮರದ ಕೆಳಗಿದ್ದ ಹೆಂಗಸಿನ ಮುಂದೆ ಕುಕ್ಕುರುಗಾಲಲ್ಲಿ ಕೂತರು. ಸಾತನೂರಿನ ದನಿ ಹೊರಗೆ ಬಂತು. "ಅವ್ವ, ಗೂಡು ಕಳ್ಸೋ ಮುಂಚೆ ಏನಾರ ಹಚ್ಚಿದ್ರಾ?"

ಆಕೆ ಗಂಡನ ಮುಖ ನೋಡಿದಳು. ಆಮೇಲೆ ಹೇಳಿದಳು: "ಅರಿಸ್ನ ಹಚ್ಚೀವ್ನಿ ಕಣವ್ವ. ಬಿತ್ತನೆ ಗೂಡು ಅಂದ್ರೆ ಮಗಳನ್ನ ಗಂಡನ ಮನೆಗೆ ಕಳ್ಸಿದಂಗೆ ಅಲ್ವ? ನಮ್ಮತ್ತೆ ಮಂಕ್ರಿಗೆ ಒಂದು ಬೊಟ್ಟು ಇಡೋರು. ನಂಗೆ ಹೆಣ್ಮಕ್ಳಿಲ್ಲ. ಈ ಸಲ ಗೂಡು ಬೋ ಚೆಂದಾಗಿ ಬಂದಿತ್ತು, ಆಸೆಗೆ ಒಂದೊಂದ್ಕೂ ಹಚ್ಬುಟ್ಟೆ. ತೆಪ್ಪಾಯ್ತಾ?"

ಹಳದಿ ಗೂಡಿನ ಮೇಲೆ ಹಚ್ಚಿದ ಅರಿಶಿನ ಹಗಲಿನಲ್ಲಿ ಯಾರ ಕಣ್ಣಿಗೆ ಬೀಳಬೇಕು? ಗೂಡು ಕೊರೆದು ಹೊರಬರುವಾಗ ಚಿಟ್ಟೆಗಳು ಅದನ್ನು ಮೈಗೆಲ್ಲ ಬಳಿದುಕೊಂಡಿದ್ದವು. ಅರಿಶಿನ ಆ ಬೆಳಕಿನಲ್ಲಿ ಥೇಟ್ ನಮ್ಮ ಬಣ್ಣದ ಹಾಗೆಯೇ ಹೊಳೆಯುತ್ತದೆ. ನನಗೆ ಖುಷಿಯಿಂದ ಕುಣಿಯುವಂತಾಯಿತು. ಮೇಡಂ ಕಣ್ಣಲ್ಲೇ ನನ್ನನ್ನು ತಡೆದು ಆಕೆಗೆ ಹೇಳಿದರು: "ತಪ್ಪಲ್ಲವ್ವ. ಆದ್ರೆ ಕೇಳಿ. ಹೊಳೆದದ್ದು ಅರಿಶಿನ ಅಂತ ಗೊತ್ತಾಯ್ತು. ರೋಗ ಇಲ್ಲ ಅಂತ ಇನ್ನೂ ಗೊತ್ತಾಗಿಲ್ಲ. ಅದು ಬ್ಯಾರೆ. ಸುಳ್ಳು ಧೈರ್ಯ ಹೇಳಕ್ಕಾಗಲ್ಲ ನಂಗೆ." ಆಕೆ ತಲೆಯಾಡಿಸಿ ಮತ್ತೆ ಮರಕ್ಕೆ ಒರಗಿ ಕೂತಳು.

ಅರೆಯದೆ ಉಳಿದಿದ್ದ ಚಿಟ್ಟೆಗಳನ್ನು ಸ್ಪಿರಿಟ್ಟಿನಲ್ಲಿ ತೊಳೆದೆವು. ಅರಿಶಿನ ಅದರಲ್ಲಿ ಕರಗುತ್ತದೆ. ಹೊಟ್ಟೆ ಕತ್ತರಿಸಿ ಒಳಗಿನ ಕರುಳನ್ನಷ್ಟೇ ತೆಗೆದು ಹೊಸ ಸ್ಲೈಡ್ ಮಾಡಿದೆವು. ಕುರಿ ಈ ಸಲ ಕಪ್ಪಗಿತ್ತು. ಎಲ್ಲ ಸಿದ್ಧವಾಯಿತು, ಇನ್ನು ನೋಡುವುದೊಂದು ಬಾಕಿ. ಮೇಡಂ ಸ್ಟೂಲಿನ ಮೇಲೆ ಕೂತವರು ಬಗ್ಗಲೇ ಇಲ್ಲ.

"ನೀನು ನೋಡು. ಆ ಹೆಂಗಸಿನ ಜೊತೆ ಮಾತಾಡಿಬಿಟ್ಟೆ. ಈಗ ನನ್ನ ಕಣ್ಣಿಗೆ ಆಸೆ ಬಂದಿದೆ. ಇದ್ದದ್ದೂ ಇಲ್ಲ ಅನ್ನುತ್ತೆ."

"ನನ್ನ ಕಣ್ಣಿಗೂ ಬಂದಿದೆ ಮೇಡಂ," ಎಂದೆ. ಸುಳ್ಳಲ್ಲ.

"ಹಂಗಾದ್ರೆ ಸಾಹೇಬರನ್ನ ಕರಿ. ಅವರಿಗೆ ಯಾವ ಆಸೇನೂ ಇಲ್ಲ," ಎಂದರು.

ಸಾಹೇಬರು ಬರುವುದರೊಳಗೆ ಮೇಡಂ ಸ್ಲೈಡುಗಳನ್ನು ಬೆರೆಸಿ ಇಟ್ಟರು. ಮಾಗಡಿಯವು ಕೆಲವು, ನಡುವೆ ಎಲ್ಲೋ ಒಂದು, ನಾವು ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟುಕೊಂಡಿದ್ದ ನಿಜವಾದ ಗಂಟು ರೋಗದ್ದು. ಯಾವುದು ಯಾವುದು ಎಂದು ಹೇಳಲಿಲ್ಲ. "ಕಾಳು ಕಾಳಾಗಿ ಹೊಳೆದರೆ ಇದೆ ಅನ್ನಿ, ಇಲ್ಲದಿದ್ದರೆ ಇಲ್ಲ ಅನ್ನಿ, ಅಷ್ಟೆ," ಎಂದರು. ಹೊರಗೆ ಗುಂಡಿಯ ಹತ್ತಿರ ಸೌದೆ ಒಟ್ಟುವ ಸದ್ದು ಕೇಳುತ್ತಿತ್ತು. ಸಾಹೇಬರು ಕನ್ನಡಕ ತೆಗೆದು ಜೇಬಿಗಿಟ್ಟು ಬಗ್ಗಿದರು. "ಕಾಳಿದೆ. ಹೊಳೀತಿಲ್ಲ. ಇಲ್ಲ." ಮುಂದಿನದು. "ಇಲ್ಲ." ಅದರ ಮುಂದಿನದು. "ಇಲ್ಲ." ಆಮೇಲೆ ಒಂದಕ್ಕೆ ಅವರ ದನಿಯೇ ಬದಲಾಯಿತು. "ಇದೆ ಕಣಮ್ಮ ಇದರಲ್ಲಿ. ಅಬ್ಬಾ, ನಕ್ಷತ್ರದ ಹಾಗೆ." ಯಾವ ಸ್ಲೈಡ್ ಅದು ಎಂದು ನನಗೂ ಗೊತ್ತಿರಲಿಲ್ಲ. ಮೇಡಂ ಅದನ್ನು ತೆಗೆದು, ಗುರುತಿಗೆ ಅಂಚಿನಲ್ಲಿ ಹಾಕಿದ್ದ ಗೀರು ನೋಡಲು ಬಾಗಿಲು ಸ್ವಲ್ಪ ತೆರೆದರು. ನಮ್ಮ ಪೆಟ್ಟಿಗೆಯದು. ಉಳಿದವನ್ನೂ ನೋಡಿ ಮುಗಿಸಿದ ಸಾಹೇಬರು ಎದ್ದು, ಸೊಂಟ ಹಿಡಿದುಕೊಂಡು, ಬಾಗಿಲಾಚೆಗೆ ಕೂಗಿದರು: "ಸೌದೆ ತೆಗೀರಯ್ಯ. ಸುಡೋದೇನಿಲ್ಲ ಇವತ್ತು."

ಸುದ್ದಿ ಹೇಳಲು ನಾನು ಓಡಿದೆ. ಗಂಡ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಗಳಗಳ ಅತ್ತುಬಿಟ್ಟ. ಹೆಂಡತಿ ಅಳಲಿಲ್ಲ. "ಆ ಅರಿಸ್ನ ಹೊಳೆಯೋದ ನಾನೂ ನೋಡ್ಬೇಕು," ಎಂದಳು. ಕತ್ತಲೆ ಕೋಣೆಗೆ ಯಾರನ್ನೂ ಬಿಡದ ನಮ್ಮ ಮೇಡಂ ಆಕೆಯನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋದರು. ದೀಪದ ಕೆಳಗೆ ಆಕೆಯ ಅಂಗೈ, ಬಳೆಯ ಸಂದು, ಕೆನ್ನೆ, ಕೊರಳ ದಾರ ಎಲ್ಲ ಹೊಳೆದವು. ಪಕ್ಕದಲ್ಲಿ ಮೇಡಂ ತಮ್ಮ ಕೈಯನ್ನೂ ಒಡ್ಡಿದರು. ಆಕೆ ಎರಡು ಕೈಗಳನ್ನೂ ನೋಡಿ ನಕ್ಕಳು. "ನಿಮ್ದು ಎಲ್ಡೇ ಬೆಟ್ಟು ಕಣವ್ವ, ನಂದು ಕೈ ತುಂಬ!"

"ನಿಮ್ಮ ಅರಿಶಿನ ನಮ್ಮ ಬಣ್ಣಕ್ಕಿಂತ ಜೋರು. ಮುಂದಿನ ಸಲ ಮಂಕರಿ ಹಿಡಿಕೆಗೆ ಮಾತ್ರ ಹಚ್ಚಿ," ಎಂದರು ಮೇಡಂ. ಮೊಲದ ಜೊತೆ ಮಾತಾಡುವ ದನಿ ಅದು.

ಮುಂದಿನ ಬೆಳೆಗೆ ಬಂದ ಮಂಕರಿಯ ಹಿಡಿಕೆ ಅರಿಶಿನದಲ್ಲಿ ಮುಳುಗಿತ್ತು, ಗೂಡು ಶುದ್ಧವಾಗಿತ್ತು. ಜೊತೆಗೊಂದು ಚೀಲ ಸೊಗಡಿನ ಅವರೆಕಾಯಿ. ಆಮೇಲೆ ಪ್ರತಿ ಕಾಲಕ್ಕೂ ಮಾಗಡಿಯ ಅವರೆಕಾಯಿ ಬರುತ್ತಿತ್ತು. ಮೇಡಂ ಅದನ್ನು ಕೋಠಿಯ ಎಲ್ಲರಿಗೂ ಹಂಚಿ, ತಮಗೆ ಉಳಿದದ್ದನ್ನು ಸಾರು ಮಾಡಿಸಿ, ಚಮಚದಲ್ಲಿ ತಿನ್ನುತ್ತಿದ್ದರು. ಅವರ ಜೊತೆ ಕೆಲಸ ಮಾಡಿದ ಆ ವರ್ಷಗಳು ನನಗೆ ತೃಪ್ತಿಯ ವರ್ಷಗಳು. ಅವರ ಋಣ ನನ್ನ ಮೇಲೆ ದೊಡ್ಡದು. ಮಕ್ಕಳ ಮೇಲೆ ಚಾಡಿ ಬರಲಿ, ನೆಂಟರ ಮೇಲೆ ಅನುಮಾನ ಬರಲಿ, ನನಗೆ ಮೊದಲು ನೆನಪಾಗುವುದು ಜಾಜು ಹಚ್ಚದ ಕುರಿ. ಎಷ್ಟೋ ಜಗಳ ಅದರಿಂದ ತಪ್ಪಿವೆ. ನಮ್ಮ ಯಜಮಾನರು ಮೇಡಂ ಫೋಟೋಗೆ ಹೂ ಹಾಕಿದರೂ ಕಡಿಮೆಯೇ.

ನಿವೃತ್ತಿಯಾದ ಮೇಲೆ ಮೇಡಂ ಸಾತನೂರು ಕಡೆಯ ತಮ್ಮನ ಮನೆಗೆ ಹೋದರು. ಆ ಮನೆಯಲ್ಲಿ ಮಕ್ಕಳು, ಕುರಿಮರಿ, ಗದ್ದಲ ಯಾವುದಕ್ಕೂ ಕೊರತೆಯಿರಲಿಲ್ಲ. ಕನಕಪುರದಲ್ಲಿ ಬಸ್ಸು ಬದಲಾಯಿಸಿ ನಾನು ಆಗಾಗ ನೋಡಲು ಹೋಗುತ್ತಿದ್ದೆ. ಒಮ್ಮೆ ಊಟಕ್ಕೆ ಕೂತಾಗ ಅವರು ಬೆರಳು ಚಾಚಿ ತೋರಿಸಿದರು. ಹಳದಿ ಪೂರ್ತಿ ಹೋಗಿತ್ತು. "ನೋಡು, ಈಗ ಕೈಯಲ್ಲೇ ಮುದ್ದೆ ತಿಂತೀನಿ," ಎಂದು ಹೆಮ್ಮೆಯಿಂದ ದೊಡ್ಡ ತುತ್ತು ಮುರಿದರು. ನನಗೆ ಯಾಕೋ ಆ ಬೆರಳು ಬೇರೆ ಯಾರದೋ ಅನ್ನಿಸಿತು.

ಅವರು ತೀರಿಕೊಂಡಾಗ ಮಾಗಡಿಯ ಹೆಂಗಸಿಗೆ ನಾನೇ ಹೇಳಿ ಕಳಿಸಿದ್ದೆ. ಆಕೆಗೂ ವಯಸ್ಸಾಗಿತ್ತು, ಮಗನ ಕೈ ಹಿಡಿದು ಬಂದಿಳಿದಳು. ಮೇಡಂ ಅವರನ್ನು ಅಂಗಳದಲ್ಲಿ ಮಲಗಿಸಿದ್ದರು. ಆಕೆ ಪಕ್ಕದಲ್ಲಿ ಕೂತು, ಸೆರಗಿನ ಗಂಟು ಬಿಚ್ಚಿ, ಅರಿಶಿನ ತೆಗೆದು ನೀರಲ್ಲಿ ಕಲಸಿದಳು. ಮದುವೆಯಾಗದವರಿಗೆ ಯಾಕೆ ಎಂದು ಯಾರೋ ಗೊಣಗಿದರು. "ಈ ಕೈಗೆ ಹಳದಿ ಹೊಸದಲ್ಲ, ಸುಮ್ಕಿರಿ," ಎಂದು ಬಲಗೈ ಎತ್ತಿ ಮಡಿಲಲ್ಲಿಟ್ಟುಕೊಂಡು, ಬೆರಳು, ಉಗುರಿನ ಸಂದು, ಅಂಗೈ, ಎಲ್ಲಕ್ಕೂ ನಿಧಾನವಾಗಿ ಹಚ್ಚಿದಳು. ಅಷ್ಟು ಹೊತ್ತೂ ಬಾರದ ಅಳು ನನಗೆ ಆಗ ಬಂತು. ಹಚ್ಚಿ ಮುಗಿಸಿ ಆಕೆ ನನ್ನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದಳು:

"ಈಗ ಕೈ ತುಂಬ ಆಯ್ತು ಕಣವ್ವ. ಆ ದೀಪ ಒಂದು ಇದ್ದಿದ್ರೆ ನೋಡ್ಬೌದಾಗಿತ್ತು."